ಹಸು ಸಾಕೋದಕ್ಕೂ ತರಬೇತಿ

ನಮ್ಮ ಕೋರಮಂಡಲ್ ಕಡೆ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಈಗ ನಮ್ಮಲ್ಲಿ ಎಷ್ಟೋ ಜನ ಬೆಳಗಿನ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತೇವೆ. ಸುತ್ತಿನ ಹಳ್ಳಿಗಳಲ್ಲಿ ಸೀಮೆಹಸು ಕಟ್ಟಿ, ಡೇರಿಗೆ ಹಾಲು ಹಾಕಿ ಸಂಸಾರ ತೂಗಿಸುವವರೂ ಇದ್ದೇವೆ.

"ಹಸು ಸಾಕೋದನ್ನೂ ಕಲೀಬೇಕಾ?" ಅಂತ ನಾವು ನಗುತ್ತೇವೆ. ಕಲೀಬೇಕು. ಒಂದು ಲೆಕ್ಕ ನೋಡೋಣ. ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಕೂಗುತ್ತದೆ, ಮೇವು ಬಿಡುತ್ತದೆ, ಗಾಜಿನಂಥ ಲೋಳೆ ಸುರಿಸುತ್ತದೆ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭ ಕಟ್ಟಿಸಬೇಕು. ತಪ್ಪಿತೋ, ಮತ್ತೆ 21 ದಿನ ಕಾಯಬೇಕು. ಹುಲ್ಲು, ಹಿಂಡಿ ಖರ್ಚು ಮಾತ್ರ ನಿಲ್ಲೋದಿಲ್ಲ!

ಇಂಥದ್ದನ್ನು ಕೆಲವೇ ದಿನದ ತರಬೇತಿಯಲ್ಲಿ ಕಲಿಯಬಹುದು. ಕೋಲಾರದ ಟಮಕದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಸ್ವಸಹಾಯ ಸಂಘದ ಹೆಂಗಸರಿಗೆ 'ಪಶುಸಖಿ' ತರಬೇತಿಯೂ ಉಂಟು. ಲಸಿಕೆ ದಿನ ನೆನಪಿಸೋದು, ಗಾಯಕ್ಕೆ ಮೊದಲ ಆರೈಕೆ ಮಾಡೋದು ಪಶುಸಖಿಯ ಕೆಲಸ. ದೊಡ್ಡ ಕಾಯಿಲೆಗೆ ಡಾಕ್ಟರೇ ಬೇಕು.

ಮಗಳು ಹತ್ತನೇ ತರಗತಿ ಪಾಸಾಗಿದ್ದಾಳಾ? ಬೀದರಿನ ಪಶು ವಿಶ್ವವಿದ್ಯಾಲಯದ್ದು ಎರಡು ವರ್ಷದ ಪಶುಸಂಗೋಪನೆ ಡಿಪ್ಲೊಮಾ ಇದೆ.

ತರಬೇತಿ ಯಾವಾಗ ಅಂತ ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳೋಣ. ಸರ್ಟಿಫಿಕೇಟು ಕೈಗೆ ಬಂದಾಗ ಹೆಸರು, ಊರು ಸರಿಯಾಗಿದೆಯಾ ಅಂತ ನಾವೇ ಓದಿ ನೋಡೋಣ. ಹಸು ಸಾಲಕ್ಕೆ ಹೋದಾಗ ಬ್ಯಾಂಕಿನಲ್ಲಿ ತೋರಿಸಬಹುದು.