ಸಂಡಾಸದ ಗುಂಡಿಗೂ ಒಂದು ಬೇಸಾಯ ಐತಿ

2014ರ ಅಕ್ಟೋಬರ್ 2ಕ್ಕೆ ಸ್ವಚ್ಛ ಭಾರತ ಶುರುವಾದ ಮೇಲೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಹಳ್ಳಿಗಳಲ್ಲಿ ಬಹಳ ಮನೆಗಳಿಗೆ ಸಂಡಾಸ ಬಂತು. 12 ಸಾವಿರ ರೂಪಾಯಿ ಸಹಾಯಧನ, ಮೇಲಿನದು ಕೈಯಿಂದ. ಗವಂಡಿ ಬಂದ, ಗುಂಡಿ ತೋಡಿಸಿದ, ಕಟ್ಟಿದ. ಪಂಚಾಯ್ತಿಯವರು ಬಂದು ಫೋಟೋ ತೆಗೆದುಕೊಂಡು ಹೋದರು. ಕಟ್ಟಿದ ಮೇಲೆ ಅದನ್ನು ನೋಡಿಕೊಳ್ಳೂದು ಹೆಂಗ ಅನ್ನೂದನ್ನ ಹೇಳಿದವರು ಕಡಿಮೆ. ಎತ್ತು ತಂದರೆ ಅದರ ಮೇವು-ನೀರು ಕೇಳ್ತೀವಿ, ಪಂಪು ತಂದರೆ ಅದರ ಎಣ್ಣೆ ಕೇಳ್ತೀವಿ. ಈ ಗುಂಡಿ ಒಂದನ್ನು ಮಾತ್ರ ಮುಚ್ಚಿ ಮರೆತುಬಿಡ್ತೀವಿ. ಈಗ ಆ ಗುಂಡಿಗಳು ಒಂದೊಂದಾಗಿ ತುಂಬಾಕತ್ಯಾವು. ಅದಕ್ಕೇ ಈ ಬರಹ.

ನಿಮ್ಮದು ಯಾವ ಗುಂಡಿ?

ಮೊದಲು ತಿಳಿಯಬೇಕಾದ್ದು ಇದು. ನಮ್ಮ ಕಡೆ ಮೂರು ನಮೂನೆ ಇವೆ.

ಒಂದು, ಅವಳಿ ಗುಂಡಿ. ಎರಡು ಸಣ್ಣ ಗುಂಡಿ, ನಡುವೆ ಒಂದು ಚೇಂಬರ್. ಗೋಡೆಯ ಇಟ್ಟಂಗಿ ನಡುವೆ ಜೇನುಗೂಡಿನಂಗ ಕಿಂಡಿ ಬಿಟ್ಟಿರತಾರ, ತಳಕ್ಕೆ ಸಿಮೆಂಟ್ ಇರೂದಿಲ್ಲ. ನೀರು ಮಣ್ಣಿಗೆ ಇಂಗಿ ಹೋಗ್ತದೆ, ಗಟ್ಟಿ ಮಾಲು ಒಳಗೆ ಉಳಿದು ಗೊಬ್ಬರ ಆಗ್ತದೆ.

ಎರಡು, ಸೆಪ್ಟಿಕ್ ಟ್ಯಾಂಕ್. ಇದು ತಳ, ಗೋಡೆ ಎಲ್ಲಾ ಗಿಲಾವ್ ಮಾಡಿದ ತೊಟ್ಟಿ. ಒಳಗೆ ಯಾವಾಗಲೂ ನೀರು ನಿಂತೇ ಇರಬೇಕು. ಕೆಳಗೆ ಹೂಳು, ಮೇಲೆ ಕೆನೆ, ನಡುವಿನ ತಿಳಿ ಮಾತ್ರ ಪೈಪಿನಿಂದ ಹೊರಗೆ ಇಂಗುಗುಂಡಿಗೆ ಹೋಗಬೇಕು. ಪೇಟೆಯಲ್ಲಿ ಹಳೇ ಮನೆ ಕೊಂಡವರಿಗೆ ಸಾಮಾನ್ಯವಾಗಿ ಇದೇ ಸಿಗ್ತದೆ.

ಮೂರು, ಒಂದೇ ಆಳದ ಗುಂಡಿ. ಸಿಮೆಂಟ್ ರಿಂಗ್ ಇಳಿಸಿ 15-20 ಅಡಿ ತೋಡಿದ್ದು. 'ನಮ್ಮ ಕಾಲಕ್ಕ ತುಂಬಬಾರದು' ಅಂತ ಮಾಡಿಸಿದ್ದು.

ಯಾವುದು ಅಂತ ಗೊತ್ತಿಲ್ಲದಿದ್ದರೆ ಕಟ್ಟಿದ ಗವಂಡಿಯನ್ನು ಕೇಳಿ. ಕೊಂಡ ಮನೆ ಆದರೆ ಮಾರಿದವರನ್ನು ಕೇಳಿ. ಮುಚ್ಚಳ ಎಲ್ಲಿದೆ, ಪೈಪು ಯಾವ ಕಡೆ ಹೋಗ್ಯದ, ಹಿಂದೆ ಯಾವಾಗ ಖಾಲಿ ಮಾಡಿಸಿದ್ದು, ಈ ಮೂರು ಮಾತು ಒಂದು ಚೀಟಿಯಲ್ಲಿ ಬರೆದು ಮನೆ ಕಾಗದದ ಜೋಡಿ ಇಡಿ. ನಾಳೆ ಮಕ್ಕಳಿಗೆ ಬೇಕಾಗ್ತದೆ.

ಆಳ ತೋಡಿದರೆ ಲಾಭ ಇಲ್ಲ

ನಮ್ಮ ಜನರ ತಲೆಯಲ್ಲಿ ಗುಂಡಿ ತುಂಬೂದು ಅಂದರೆ ಕೇಡು. ಅದಕ್ಕೆ ಆಳ ತೋಡೂದು. ಆದರೆ ಮೇಲಿನ ಮೂರ್ನಾಲ್ಕು ಅಡಿ ಮಣ್ಣಿನಲ್ಲೇ ಜೀವಾಣು ಹೆಚ್ಚು, ಹೊಲಸನ್ನು ಕಳಿಸಿ ಗೊಬ್ಬರ ಮಾಡೂ ಶಕ್ತಿ ಹೆಚ್ಚು. ತಿಪ್ಪೆಯನ್ನು ಬಾವಿಯಷ್ಟು ಆಳದಲ್ಲಿ ಯಾರೂ ಹಾಕೂದಿಲ್ಲ, ಯಾಕಂದರೆ ಅಲ್ಲಿ ಕಳಿಯೂದಿಲ್ಲ ಅಂತ ನಮಗೆ ಗೊತ್ತು. ಇದೂ ಹಂಗೇ. ಆಳದ ಗುಂಡಿಯ ಕೊಳೆ ನೀರು ಒರತೆಗೆ ಹತ್ತಿರ ಆಗ್ತದೆ. ಮಳೆಗಾಲದಲ್ಲಿ ಒರತೆ ಮೇಲೆ ಬಂದಾಗ ಗುಂಡಿ ಮತ್ತು ಬಾವಿ ಒಂದೇ ನೀರು. ಇಂಥ ಗುಂಡಿ ತುಂಬಿದಾಗ ಅದನ್ನು ಸಲಿಕೆಯಿಂದ ತೆಗೆಯೂದಂತೂ ಆಗೂದೇ ಇಲ್ಲ.

ಅವಳಿ ಗುಂಡಿಗೆ ಒಂದು ಮೀಟರ್ ಅಗಲ, ನಾಲ್ಕು ಅಡಿ ಆಳ ಸಾಕು. ಲೆಕ್ಕ ಹೀಗಿದೆ: ನೀರು ಇಂಗಿ ಹೋದ ಮೇಲೆ ಒಬ್ಬ ಮನುಷ್ಯನದು ವರ್ಷಕ್ಕೆ ಸುಮಾರು 45 ಲೀಟರ್ ಉಳೀತದೆ. ಆರು ಜನರ ಮನೆಗೆ 270 ಲೀಟರ್. ಅಂದರೆ ಒಂದು ಗುಂಡಿ ಮೂರು ವರ್ಷಕ್ಕೆ ಮೇಲೇ ಬರ್ತದೆ.

ಮಣ್ಣನ್ನೂ ನೋಡಬೇಕು. ಮಸಾರಿಯಲ್ಲಿ ನೀರು ಬೇಗ ಇಂಗ್ತದೆ. ಎರೆ ಮಣ್ಣು ಹಸಿಯಾದಾಗ ಉಬ್ಬಿ ಬಾಯಿ ಮುಚ್ಚಿಕೊಳ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಆ ಬಿರುಕಿನಗುಂಟ ಕೊಳೆ ನೀರು ದೂರ ಹೋಗ್ತದೆ. ಎರೆಯಲ್ಲಿ ಗುಂಡಿ ಕಟ್ಟುವವರು ಸ್ವಲ್ಪ ಅಗಲ ತೋಡಿ, ಇಟ್ಟಂಗಿ ಗೋಡೆಯ ಹೊರಗೆ ಸುತ್ತಲೂ ಒಂದು ಅಡಿ ಉಸುಕು, ಗರಸು ತುಂಬಬೇಕು. ಗುಂಡಿ-ಗುಂಡಿ ನಡುವೆ ಮೂರು-ನಾಲ್ಕು ಅಡಿ ಇರಲಿ. ಕುಡಿಯುವ ನೀರಿನ ಬಾವಿ, ಬೋರಿನಿಂದ 30 ಅಡಿಗೆ ಕಡಿಮೆ ಬೇಡ. ಸೆಪ್ಟಿಕ್ ಟ್ಯಾಂಕಿನ ಇಂಗುಗುಂಡಿ ಆದರೆ 60 ಅಡಿ ದೂರ ಇದ್ದರೆ ಒಳ್ಳೇದು.

ಒಂದು ತುಂಬಿದ ಮೇಲೇ ಇನ್ನೊಂದು

ಅವಳಿ ಗುಂಡಿಯ ಗುಟ್ಟು ಇರೂದು ಚೇಂಬರಿನಲ್ಲಿ. ಅಲ್ಲಿ ಎರಡು ದಾರಿ. ಒಂದನ್ನು ಇಟ್ಟಂಗಿ ಇಟ್ಟು ಮಣ್ಣು ಮೆತ್ತಿ ಮುಚ್ಚಿರಬೇಕು. ಬಹಳ ಮನೆಗಳಲ್ಲಿ ಎರಡೂ ತೆರೆದೇ ಇವೆ. ಎರಡೂ ಒಟ್ಟಿಗೆ ತುಂಬಿದರೆ ಅವಳಿ ಗುಂಡಿ ಮಾಡಿಸಿದ್ದಕ್ಕೆ ಅರ್ಥವೇ ಇಲ್ಲ. ಇವತ್ತೇ ಚೇಂಬರಿನ ಮುಚ್ಚಳ ಎತ್ತಿ ನೋಡಿ.

ಮೊದಲ ಗುಂಡಿ ತುಂಬಿದಾಗ ನೀರು ಇಳಿಯೂದು ನಿಧಾನ ಆಗ್ತದೆ. ಆಗ ಆ ದಾರಿ ಮುಚ್ಚಿ ಇನ್ನೊಂದನ್ನು ತೆರೆಯಬೇಕು. ಹತ್ತು ನಿಮಿಷದ ಕೆಲಸ. ಬದಲಿಸಿದ ತಿಂಗಳು, ವರ್ಷ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೀರಿ. ತುಂಬಿದ ಗುಂಡಿಯನ್ನು ಎರಡು ವರ್ಷ ಮುಟ್ಟಬಾರದು. ಜಂತುಹುಳದ ತತ್ತಿ ಬಹಳ ಗಟ್ಟಿ, ಬೇಗ ಸಾಯೂದಿಲ್ಲ. ಅದಕ್ಕೇ ಇಷ್ಟು ದಿನ ಕಾಯೂದು.

ನಮ್ಮ ಮನೆಯದು 2017ರಲ್ಲಿ ಕಟ್ಟಿದ್ದು, ಇರುವವರು ಆರು ಜನ. 2021ರಲ್ಲಿ ಗುಂಡಿ ಬದಲಿಸಿದೆವು. 2023ರ ಬೇಸಿಗೆಯಲ್ಲಿ ಹಳೇದನ್ನು ನಾನೂ ನನ್ನ ಮಗನೂ ಸಲಿಕೆ ಹಿಡಿದು ತೆಗೆದೆವು. ಕೈಗೆ ಚೀಲ, ಕಾಲಿಗೆ ಬೂಟು ಹಾಕಿದ್ದೆವು. ಕರಿ ಮಣ್ಣಿನಂಗ ಉದುರಾಗಿ ಬಂತು. ಹಳೇ ತಿಪ್ಪೆಗೊಬ್ಬರಕ್ಕೂ ಇದಕ್ಕೂ ವಾಸನೆಯಲ್ಲಿ ಫರಕು ಇರಲಿಲ್ಲ. ಓಣಿಯವರು ದೂರ ನಿಂತು ನೋಡಿದರು. 'ಏನ್ ಕಾಕಾ, ಇದಕ್ಕೂ ಕೈ ಹಾಕಿದ್ಯಲ್ಲ' ಅಂದ ಒಬ್ಬ. 'ತಮ್ಮಾ, ನಿಮ್ಮ ತಿಪ್ಪಿಗೆ ಯಾರು ಕೈ ಹಾಕ್ತಾರ?' ಅಂತ ಕೇಳಿದೆ. ಆ ಗೊಬ್ಬರವನ್ನು ಒಡ್ಡಿನ ಮೇಲಿನ ಮಾವು, ಬೇವಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದೆವು. ಹಸಿ ತಿನ್ನುವ ಸೌತಿ, ಮೂಲಂಗಿ, ಕೊತ್ತಂಬರಿಗೆ ಹಾಕಬೇಡಿ.

2017ರ ಫೆಬ್ರವರಿಯಲ್ಲಿ ತೆಲಂಗಾಣದ ವರಂಗಲ್ ಕಡೆಯ ಗಂಗದೇವಿಪಲ್ಲಿಯಲ್ಲಿ ಕೇಂದ್ರ ಸರಕಾರದ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ಅವರೇ ಇಂಥ ಅವಳಿ ಗುಂಡಿಗೆ ಇಳಿದು ಗೊಬ್ಬರ ತೆಗೆದು ತೋರಿಸಿದರು. ದಿಲ್ಲಿಯ ದೊಡ್ಡ ಅಧಿಕಾರಿಗೆ ಆಗದ ಮೈಲಿಗೆ ನಮಗ್ಯಾಕೆ? ಆದರೆ ನೆನಪಿರಲಿ, ಎರಡು ವರ್ಷ ಒಣಗಿದ ಅವಳಿ ಗುಂಡಿಗೆ ಮಾತ್ರ ಈ ಮಾತು.

ಸೆಪ್ಟಿಕ್ ಟ್ಯಾಂಕಿಗೆ ಕೋಲು ಪರೀಕ್ಷೆ

ಸೆಪ್ಟಿಕ್ ಟ್ಯಾಂಕ್ ಎರಡು-ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ನೀರು ತಾನಾಗಿ ಹೋಗಾಕತ್ತೈತಿ, ಹತ್ತು ವರ್ಷದಿಂದ ಮುಟ್ಟಿಲ್ಲ ಅಂತ ಹೆಮ್ಮೆಯಿಂದ ಹೇಳುವವರಿದ್ದಾರೆ. ಅವರ ಟ್ಯಾಂಕಿನಲ್ಲಿ ಹೂಳು ಮೇಲೆ ಬಂದು ಹೊಲಸು ಹಂಗೇ ಇಂಗುಗುಂಡಿಗೆ, ಗಟಾರಕ್ಕೆ ಹೋಗಾಕತ್ತೈತಿ ಅಂತಲೇ ಅರ್ಥ. ಇಂಗುಗುಂಡಿಯ ಬಾಯಿ ಒಮ್ಮೆ ಕಟ್ಟಿತು ಅಂದರೆ ಹೊಸದೇ ತೋಡಬೇಕು.

ನೋಡುವ ರೀತಿ ಸರಳ. ಉದ್ದ ಕೋಲಿನ ತುದಿಗೆ ಎರಡು-ಮೂರು ಅಡಿ ಬಿಳಿ ಅರಿವೆ ಸುತ್ತಿ ತಳದವರೆಗೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ನೆಟ್ಟಗೆ ಮೇಲೆತ್ತಬೇಕು. ಹೂಳು ಇದ್ದಷ್ಟು ಎತ್ತರ ಅರಿವೆ ಕರ್ರಗಾಗಿರ್ತದೆ. ನೀರಿನ ಆಳದಲ್ಲಿ ಮೂರನೇ ಒಂದು ಪಾಲು ಹೂಳಿದ್ದರೆ ಗಾಡಿ ಕರೆಸಿ. ಮುಚ್ಚಳ ತೆಗೆದು ಬಹಳ ಹೊತ್ತು ಗಾಳಿ ಆಡಲಿ. ಬಗ್ಗಿ ಇಣುಕಬೇಡಿ. ಹತ್ತಿರ ಬೀಡಿ, ಕಡ್ಡಿ ಬೇಡ, ಒಳಗಿನ ಗ್ಯಾಸು ಹೊತ್ತಿಕೊಳ್ಳುವಂಥದು. ಮಕ್ಕಳು ದೂರ ಇರಲಿ.

ಗಾಡಿಯವರು ಎಳೆದ ಮೇಲೆ ಟ್ಯಾಂಕನ್ನು ತೊಳೆಸಬೇಡಿ. ತಳದಲ್ಲಿ ಸ್ವಲ್ಪ ಹೂಳು ಉಳೀಲಿ, ಮೊಸರಿಗೆ ಹೆಪ್ಪು ಇದ್ದಂಗ. ಇದೇ ಕಾರಣಕ್ಕೆ ಅಂಗಡಿಯಲ್ಲಿ ಮಾರುವ ಪುಡಿ, ದ್ರಾವಣಕ್ಕೆ ದುಡ್ಡು ಹಾಕೂದು ಬೇಕಿಲ್ಲ, ಜೀವಾಣು ಅದರಲ್ಲೇ ಇರ್ತದೆ. ಗಾಳಿ ಪೈಪಿನ ತುದಿಗೆ ಸೊಳ್ಳೆ ಪರದೆ ಕಟ್ಟಿ. ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆ ಇಂಥ ನೀರಿನಲ್ಲೇ ಮರಿ ಮಾಡೂದು.

ಏನು ಹಾಕಬಾರದು

ಆ್ಯಸಿಡ್, ಫಿನೈಲ್ ಸುರಿದರೆ ಒಳಗಿನ ಜೀವಾಣು ಸಾಯ್ತದೆ. ತೊಳೆಯಾಕ ಬ್ರಷ್ಷು, ಸ್ವಲ್ಪ ಸೋಪಿನ ಪುಡಿ ಸಾಕು. ಅರಿವೆ ಚೂರು, ಹೆಣ್ಣುಮಕ್ಕಳ ಪ್ಯಾಡು, ಗುಟ್ಕಾ ಚೀಟಿ, ಪ್ಲಾಸ್ಟಿಕ್ ಯಾವುದೂ ಕಳಿಯೂದಿಲ್ಲ. ಅಡಿಗೆ ಎಣ್ಣೆ ಜಿಡ್ಡು ಬೇಡ. ಬಚ್ಚಲ ನೀರು, ಮಾಳಿಗೆಯ ಮಳೆ ನೀರು ಅವಳಿ ಗುಂಡಿಗೆ ಹೋಗಲೇಬಾರದು. ಅದಕ್ಕೆ ಬೇರೆ ಇಂಗುಗುಂಡಿ ಮಾಡಿ, ಇಲ್ಲಾ ಹಿತ್ತಲ ಬಾಳೆಗೆ ಬಿಡಿ. ಇಳುಕಲು ಹೆಚ್ಚಿರುವ ಹಳ್ಳಿ ನಮೂನೆಯ ಪ್ಯಾನ್ ಇದ್ದರೆ ಎರಡು ಲೀಟರ್ ನೀರು, ಅಂದರೆ ಎರಡು ತಂಬಿಗೆ, ಸಾಕಾಗ್ತದೆ. ನೀರು ಹೊತ್ತು ತರುವ ನಮ್ಮಂಥ ಊರಿಗೆ ಇದು ಸಣ್ಣ ಮಾತಲ್ಲ.

ಯಾರನ್ನೂ ಇಳಿಸಬೇಡಿ

ಇದೇ ಈ ಬರಹದ ಮುಖ್ಯ ಮಾತು. ತುಂಬಿದ ಹಸಿ ಗುಂಡಿ, ಸೆಪ್ಟಿಕ್ ಟ್ಯಾಂಕಿನಲ್ಲಿ ವಿಷಗಾಳಿ ಇರ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್. ಅದು ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯೂದಿಲ್ಲ. ಇಳಿದವನು ಅಲ್ಲೇ ಬೀಳ್ತಾನೆ. ಅವನನ್ನು ಎತ್ತಾಕ ಇಳಿದ ಎರಡನೆಯವನೂ ಬೀಳ್ತಾನೆ.

2013ರ ಕಾಯ್ದೆ ಪ್ರಕಾರ ರಕ್ಷಣೆಯ ಸಾಮಾನು ಇಲ್ಲದೆ ಸೆಪ್ಟಿಕ್ ಟ್ಯಾಂಕ್ ತೊಳೆಯಾಕ ಮನುಷ್ಯನನ್ನು ಹಚ್ಚೂದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಇಲ್ಲಾ ಎರಡು ಲಕ್ಷದವರೆಗೆ ದಂಡ, ಇಲ್ಲಾ ಎರಡೂ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್, ಹೀಗೆ ಚರಂಡಿಯಲ್ಲಿ ಸತ್ತವರ ಮನೆಯವರಿಗೆ 30 ಲಕ್ಷ ಪರಿಹಾರ ಕೊಡಬೇಕು ಅಂತ ಹೇಳಿದೆ.

ಕಾನೂನು ಒಂದು ಕಡೆ ಇರಲಿ. ಗುಂಡಿ ತುಂಬಿದಾಗ ನಾವು ಯಾರ ಓಣಿಗೆ ಹೇಳಿ ಕಳಿಸ್ತೀವಿ ಅನ್ನೂದು ನಮಗೆಲ್ಲಾ ಗೊತ್ತಿದೆ. ತಲೆ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ 1970ರ ದಶಕದಲ್ಲೇ ಮಂತ್ರಿ ಬಿ. ಬಸವಲಿಂಗಪ್ಪನವರು ನಿಲ್ಲಿಸಿದರು. ಅದಾದ ಮೇಲೂ, 2010ರ ಜುಲೈಯಲ್ಲಿ ನಮ್ಮ ಜಿಲ್ಲೆಯದೇ ಸವಣೂರಿನಲ್ಲಿ ಭಂಗಿ ಸಮುದಾಯದವರು, ಇದ್ದ ಮನೆಯಿಂದ ಎಬ್ಬಿಸುತ್ತಾರೆಂದು, ಪುರಸಭೆ ಎದುರು ಮಲವನ್ನು ಮೈಮೇಲೆ ಸುರಿದುಕೊಂಡು ಪ್ರತಿಭಟನೆ ಮಾಡಿದರು. ತಲೆತಲಾಂತರ ಊರಿನ ಹೊಲಸು ಎತ್ತಿದವರಿಗೆ ನಾವು ಕೊಟ್ಟ ಮರ್ಯಾದೆ ಅಷ್ಟೇ. ನಮ್ಮ ಗುಂಡಿಯನ್ನು ನಾವು ಸರಿಯಾಗಿ ಇಟ್ಟುಕೊಂಡರೆ ಯಾರನ್ನೂ ಕರೆಯೂ ಹೊತ್ತು ಬರೂದಿಲ್ಲ. ಒಣಗಿದ್ದಕ್ಕೆ ಸಲಿಕೆ, ಹಸಿಯಿದ್ದದ್ದಕ್ಕೆ ಗಾಡಿ. ನಡುವೆ ಮನುಷ್ಯ ಬೇಡ.

ಗಾಡಿಯ ಮಾಲು ಹೊಲಕ್ಕೆ ಬೇಕೋ?

ಟ್ಯಾಂಕರಿನವರು 'ನಿಮ್ಮ ಹೊಲಕ್ಕೆ ಬಿಡ್ತೀವಿ, ಗೊಬ್ಬರ ಆಗ್ತದೆ' ಅಂತ ಕೇಳೂದುಂಟು. ಗೊಬ್ಬರ ಹೌದು, ಆದರೆ ಹಸಿದು. ಪೈರು ನಿಂತ ಹೊಲಕ್ಕೆ, ಹಳ್ಳದ ಬದಿಗೆ ಬೇಡವೇ ಬೇಡ. ಮೆಣಸಿನಕಾಯಿ ಕಣ ಮಾಡುವ ಜಾಗಕ್ಕಂತೂ ಬೇಡ, ನೆಲದ ಮೇಲೆ ಹರವಿದ ಕಾಯಿಗೆ ಹತ್ತಿದ್ದು ತಿನ್ನುವವರ ಬಾಯಿಗೆ ಹೋಗ್ತದೆ. ಬೆಂಗಳೂರು ಹತ್ತಿರದ ದೇವನಹಳ್ಳಿಯಲ್ಲಿ 2015ರಿಂದ ಇಂಥ ಹೂಳನ್ನು ಒಣಗಿಸಿ ಗೊಬ್ಬರ ಮಾಡುವ ಘಟಕ ನಡೆಸಿದ್ದಾರೆ. ಅಂಥ ಘಟಕ ಹತ್ತಿರ ಇಲ್ಲದ ಕಡೆ ಪಂಚಾಯ್ತಿಗೆ ತಿಳಿಸಿ, ಬಾವಿ-ಬೋರಿನಿಂದ ದೂರ ಮೂರು ಅಡಿ ಆಳದ ಕಾಲುವೆ ತೋಡಿ, ಅದರಲ್ಲಿ ಬಿಡಿಸಿ, ಮೇಲೆ ಒಂದು ಅಡಿ ಮಣ್ಣು ಮುಚ್ಚಿ ಗಿಡ ಹಚ್ಚಬಹುದು.

ವರ್ಷದ ಕೆಲಸ

ಯುಗಾದಿ ಆದ ಮೇಲೆ, ಹೊಲದ ಕೆಲಸ ಇಲ್ಲದ ಹೊತ್ತಿನಲ್ಲಿ: ಎರಡು ವರ್ಷ ತುಂಬಿದ ಗುಂಡಿಯ ಗೊಬ್ಬರ ತೆಗೀರಿ. ಸೆಪ್ಟಿಕ್ ಟ್ಯಾಂಕಿಗೆ ಕೋಲು ಇಳಿಸಿ ನೋಡಿ.

ರೋಹಿಣಿ ಮಳೆಗೆ ಮುಂಚೆ: ಮುಚ್ಚಳ ಸೀಳಿದೆಯೋ ನೋಡಿ, ಸಂದಿಗೆ ಸಿಮೆಂಟ್ ಮೆತ್ತಿ. ಗುಂಡಿ ಸುತ್ತ ಮಣ್ಣು ಏರಿಸಿ ಮಳೆ ನೀರು ಹೊರಗೆ ಹೋಗುವಂಗ ಮಾಡಿ.

ಮಳೆಗಾಲದಲ್ಲಿ: ಪ್ಯಾನಿನಲ್ಲಿ ನೀರು ನಿಧಾನ ಇಳಿದರೆ ಮೊದಲು ಚೇಂಬರ್ ನೋಡಿ. ಅಲ್ಲಿ ಕಟ್ಟಿದ್ದರೆ ಬಿದಿರಿನ ಕೋಲಿನಿಂದ ಬಿಡಿಸಿ. ಗುಂಡಿಯೇ ತುಂಬಿದ್ದರೆ ದಾರಿ ಬದಲಿಸಿ.

ಸುಗ್ಗಿ ಮುಗಿದ ಮೇಲೆ: ಸೊಳ್ಳೆ ಪರದೆ ಹರಿದಿದ್ದರೆ ಬದಲಿಸಿ. ಟ್ರ್ಯಾಕ್ಟರ್, ಚಕ್ಕಡಿ ಮುಚ್ಚಳದ ಮೇಲೆ ಹಾಯದಂಗ ನಾಲ್ಕು ಕಲ್ಲು ನೆಡಿ.

ಇಷ್ಟೂ ಸೇರಿ ವರ್ಷಕ್ಕೆ ಎರಡು ದಿನದ ಕೆಲಸ ಆಗೂದಿಲ್ಲ.