ಪುಟ್ಟ ಜೆಟ್‌ಗೆ ಕಿವಿ ಎಲ್ಲಿರಬೇಕು?

ಮಕ್ಕಳೇ, ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಟ್ರಾನ್ಸಿಸ್ಟರ್ ರೇಡಿಯೋ ಇದ್ದರೆ ಅಜ್ಜನನ್ನು ಒಂದು ಮಾತು ಕೇಳಿ. ಆಕಾಶವಾಣಿಯ ವಾರ್ತೆ ಗೊರಗೊರ ಎನ್ನತೊಡಗಿದಾಗ ಅವರು ಏನು ಮಾಡುತ್ತಿದ್ದರು? ಪೆಟ್ಟಿಗೆಯನ್ನು ಸ್ವಲ್ಪ ಆಚೀಚೆ ತಿರುಗಿಸುತ್ತಿದ್ದರು. ಒಡನೆಯೇ ದನಿ ತಿಳಿಯಾಗುತ್ತಿತ್ತು! ರೇಡಿಯೋದ ಒಳಗೆ ತಾಮ್ರದ ತಂತಿ ಸುತ್ತಿದ ಕಪ್ಪು ಕಡ್ಡಿಯೊಂದಿರುತ್ತದೆ. ಅದೇ ಅದರ ಆಂಟೆನಾ. ಆ ಕಡ್ಡಿಯ ತುದಿ ನೇರವಾಗಿ ಪ್ರಸಾರ ಕೇಂದ್ರದ ಕಡೆ ಮುಖ ಮಾಡಿದರೆ ದನಿ ಕುಗ್ಗುತ್ತದೆ. ಅಡ್ಡಲಾಗಿ ನಿಂತರೆ ಹೆಚ್ಚುತ್ತದೆ.

ರೇಡಿಯೋದಲ್ಲಾದರೆ ವಾರ್ತೆಯ ಒಂದು ವಾಕ್ಯ ತಪ್ಪಿಹೋದೀತು, ಅಷ್ಟೇ. ಹಾರುವ ಮಾದರಿ ಜೆಟ್ ವಿಮಾನದಲ್ಲಿ ಇದೇ ತೊಂದರೆ ಬಂದರೆ ವಿಮಾನವೇ ನೆಲಕ್ಕಪ್ಪಳಿಸಬಹುದು.

ಆಟಿಕೆಯಲ್ಲ, ನಿಜವಾದ ಜೆಟ್

ಮಾದರಿ ಜೆಟ್ ಎಂದರೆ ಚಿಕ್ಕದು, ಆದರೆ ಸುಮ್ಮನೆ ಆಟಿಕೆಯಲ್ಲ. ಸೀಮೆಎಣ್ಣೆ ಕುಡಿದು ಓಡುವ ಪುಟ್ಟ ಟರ್ಬೈನ್ ಅದರ ಹೊಟ್ಟೆಯಲ್ಲಿರುತ್ತದೆ. ಅದು ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ವಿಮಾನದ ತೂಕ 10 ಕಿಲೋ ದಾಟುವುದುಂಟು. ಗಂಟೆಗೆ 300 ಕಿ.ಮೀ. ವೇಗದಲ್ಲಿ ಹಾರಿದರೆ ಒಂದು ಸೆಕೆಂಡಿಗೆ 83 ಮೀಟರ್ ಸಾಗಿತು ಎಂದು ಲೆಕ್ಕ. ಅರ್ಧ ಸೆಕೆಂಡು ಸಂಕೇತ ಸಿಗದಿದ್ದರೆ, ಯಾರ ಮಾತನ್ನೂ ಕೇಳದೆ 40 ಮೀಟರ್ ಮುಂದೆ ಹೋಗಿರುತ್ತದೆ.

ಪೈಲಟ್ ನಿಂತಿರುವುದು ನೆಲದ ಮೇಲೆ. ಅವನ ಕೈಯಲ್ಲಿರುವ ಟ್ರಾನ್ಸ್‌ಮಿಟರ್ ಬಾಯಿ, ವಿಮಾನದೊಳಗಿನ ರಿಸೀವರ್‌ನ ಆಂಟೆನಾ ಕಿವಿ. ಕಿವಿ ಮಂದವಾದರೆ ಮುಗಿಯಿತು ಕಥೆ!

ಉದ್ದ ತಂತಿಯಿಂದ ಗಿಡ್ಡ ತಂತಿಗೆ

ಹಿಂದೆ ಮಾದರಿ ವಿಮಾನಗಳಿಗೆ 35 ಅಥವಾ 72 ಮೆಗಾಹರ್ಟ್ಸ್ ತರಂಗಗಳನ್ನು ಬಳಸುತ್ತಿದ್ದರು. ಅವುಗಳ ಅಲೆ ಹಲವು ಮೀಟರ್ ಉದ್ದ. ಹಾಗಾಗಿ ಸುಮಾರು ಒಂದು ಮೀಟರ್ ಉದ್ದದ ತಂತಿಯನ್ನು ಬಾಲದವರೆಗೂ ಎಳೆದು ಕಟ್ಟಬೇಕಿತ್ತು. ಇಬ್ಬರು ಒಂದೇ ಚಾನೆಲ್‌ನಲ್ಲಿ ಟ್ರಾನ್ಸ್‌ಮಿಟರ್ ಹಚ್ಚಿದರೆ ವಿಮಾನಕ್ಕೆ ಯಾರ ಮಾತು ಕೇಳಬೇಕೆಂದೇ ತಿಳಿಯುತ್ತಿರಲಿಲ್ಲ.

ಈಗ ಬಳಕೆಯಲ್ಲಿರುವುದು 2.4 ಗಿಗಾಹರ್ಟ್ಸ್. ನಿಮ್ಮ ಮನೆಯ ವೈಫೈ ಕೂಡ ಇದೇ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ. ಇಲ್ಲಿ ಅಲೆಯ ಉದ್ದ ಕೇವಲ 12.5 ಸೆಂ.ಮೀ. ಅದರ ಕಾಲು ಭಾಗ, ಅಂದರೆ ಸುಮಾರು 31 ಮಿ.ಮೀ. ತಂತಿ ಆಂಟೆನಾಕ್ಕೆ ಸಾಕು. ರಿಸೀವರ್‌ನಿಂದ ಹೊರಡುವ ತೆಳು ಕೇಬಲ್‌ನ ತುದಿಯಲ್ಲಿ ಕವಚವಿಲ್ಲದ ಇಷ್ಟು ಭಾಗವೇ ನಿಜವಾದ ಕಿವಿ. ಉಳಿದದ್ದು ಕಿವಿಯಿಂದ ರಿಸೀವರ್‌ಗೆ ಹೋಗುವ ದಾರಿ ಮಾತ್ರ. ಆ ತುದಿಯನ್ನು ಕತ್ತರಿಸಬಾರದು, ಮಡಚಲೂಬಾರದು.

ಹೊಸ ಉಪಕರಣಗಳಲ್ಲಿ ಹಲವು ಒಂದು ಚಾನೆಲ್‌ನಿಂದ ಇನ್ನೊಂದಕ್ಕೆ ಜಿಗಿಯುತ್ತಲೇ ಮಾತಾಡುತ್ತವೆ. ಹೀಗೆ ಜಿಗಿಯುವ ಒಂದು ಉಪಾಯಕ್ಕೆ 1942ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದವರಲ್ಲಿ ಒಬ್ಬರು ಹಾಲಿವುಡ್ ನಟಿ ಹೆಡಿ ಲಮಾರ್, ಇನ್ನೊಬ್ಬರು ಸಂಗೀತಗಾರ ಜಾರ್ಜ್ ಆಂಥೈಲ್!

ಉದ್ದಿನ ವಡೆಯ ಲೆಕ್ಕ

ಒಂದು ಕಡ್ಡಿಯನ್ನು ಉದ್ದಿನ ವಡೆಯ ತೂತಿಗೆ ತೂರಿಸಿದ್ದೀರಿ ಎಂದುಕೊಳ್ಳಿ. ಕಡ್ಡಿಯೇ ಆಂಟೆನಾ, ಅದು ಚೆನ್ನಾಗಿ ಕೇಳುವ ಜಾಗವೆಲ್ಲ ವಡೆಯ ಆಕಾರದಲ್ಲಿ ಸುತ್ತ ಹರಡಿರುತ್ತದೆ. ಕಡ್ಡಿಯ ತುದಿ ನೋಡುವ ದಿಕ್ಕಿನಲ್ಲಿ ವಡೆಯೇ ಇಲ್ಲ, ಅಂದರೆ ಅಲ್ಲಿ ಕಿವಿ ಮಂದ. ಜೆಟ್ ಮಗುಚುತ್ತದೆ, ಮೇಲೇರುತ್ತದೆ, ತಿರುಗುತ್ತದೆ. ಯಾವುದೋ ಒಂದು ಕ್ಷಣದಲ್ಲಿ ಆ ತುದಿ ಪೈಲಟ್‌ನತ್ತ ಮುಖ ಮಾಡಿಯೇ ಮಾಡುತ್ತದೆ.

ಅದಕ್ಕೇ ಎರಡು ಆಂಟೆನಾ ಇರುವ ರಿಸೀವರ್ ಆರಿಸುತ್ತಾರೆ. ಒಂದು ಅಡ್ಡ, ಇನ್ನೊಂದು ಉದ್ದ. ಎರಡರ ನಡುವೆ 90 ಡಿಗ್ರಿ. ಒಂದಕ್ಕೆ ಕೇಳಿಸದಿದ್ದಾಗ ಇನ್ನೊಂದಕ್ಕೆ ಕೇಳಿಸುತ್ತದೆ. ಇದೇ ಕಾರಣಕ್ಕೆ ಪೈಲಟ್ ಕೂಡ ಟ್ರಾನ್ಸ್‌ಮಿಟರ್‌ನ ಕಡ್ಡಿ ಆಂಟೆನಾದ ತುದಿಯನ್ನು ವಿಮಾನದತ್ತ ಗುರಿಯಿಟ್ಟು ಹಿಡಿಯುವುದಿಲ್ಲ.

ಯಾವುದು ಅಡ್ಡ ಬರುತ್ತದೆ?

ಗಿಡ್ಡ ಅಲೆಗಳಿಗೆ ಒಂದು ದೌರ್ಬಲ್ಯವಿದೆ: ಅಡ್ಡ ಏನಾದರೂ ಬಂದರೆ ಬೆಳಕಿನಂತೆ ಅವುಗಳಿಗೂ ನೆರಳು ಬೀಳುತ್ತದೆ. ಬಾಲ್ಸಾ ಮರ, ಪ್ಲೈವುಡ್, ಗಾಜಿನ ನಾರಿನ ಫೈಬರ್ ಇವುಗಳ ಮೂಲಕ ಅಲೆ ಸುಲಭವಾಗಿ ಹಾದುಹೋಗುತ್ತದೆ. ಆದರೆ ಟರ್ಬೈನ್, ಅದರ ಹಿಂದಿನ ಲೋಹದ ಕೊಳವೆ, ಬ್ಯಾಟರಿ, ತುಂಬಿದ ಇಂಧನದ ಟ್ಯಾಂಕ್ ಅಡ್ಡಿಯಾಗುತ್ತವೆ. ಕಾರ್ಬನ್ ಫೈಬರ್ ಇನ್ನೂ ಮೋಸದ್ದು. ನೋಡಲು ಪ್ಲಾಸ್ಟಿಕ್‌ನಂತಿದ್ದರೂ ಅದರಲ್ಲಿ ವಿದ್ಯುತ್ ಹರಿಯುತ್ತದೆ, ಹಾಗಾಗಿ ಲೋಹದಂತೆ ಅಲೆಯನ್ನು ತಡೆಯುತ್ತದೆ. ಜೆಟ್‌ಗಳ ಮೈಯನ್ನು ಗಟ್ಟಿಗೊಳಿಸಲು ಇದನ್ನೇ ಬಳಸುವುದುಂಟು.

ಆದ್ದರಿಂದ ತಿಳಿದವರು ಹೀಗೆ ಮಾಡುತ್ತಾರೆ:

• ಎರಡು ಆಂಟೆನಾಗಳನ್ನು ಒಂದರಿಂದೊಂದು ದೂರ, ವಿಮಾನದ ಎರಡು ಬದಿಗಳಲ್ಲಿ ಇಡುತ್ತಾರೆ.
• ತುದಿ ನೆಟ್ಟಗಿರಲೆಂದು ಪ್ಲಾಸ್ಟಿಕ್ ಕೊಳವೆಯಲ್ಲಿ ತೂರಿಸಿ ಅಂಟಿಸುತ್ತಾರೆ.
• ಬಿಸಿ ಟರ್ಬೈನ್ ಮತ್ತು ಇತರ ವೈರ್‌ಗಳಿಂದ ದೂರವಿಡುತ್ತಾರೆ.
• ಮೈ ಕಾರ್ಬನ್‌ನದಾದರೆ ಉದ್ದ ಕೇಬಲ್‌ನ ಆಂಟೆನಾ ಆರಿಸಿ ತುದಿಯನ್ನು ಹೊರಗೆ ತರುತ್ತಾರೆ.
• ದೊಡ್ಡ ಜೆಟ್ ಆದರೆ ಬೇರೆ ಜಾಗದಲ್ಲಿ ಇನ್ನೊಂದು ರಿಸೀವರ್ ಕೂಡ ಇಡುತ್ತಾರೆ.

ಹಾರುವ ಮೊದಲು ಪರೀಕ್ಷೆ

ಟ್ರಾನ್ಸ್‌ಮಿಟರ್‌ನ ಶಕ್ತಿಯನ್ನು ಬೇಕೆಂದೇ ತಗ್ಗಿಸಿ, ಕಂಪನಿ ಹೇಳಿದಷ್ಟು ಹೆಜ್ಜೆ ದೂರ ನಡೆದು, ವಿಮಾನವನ್ನು ಎಲ್ಲ ದಿಕ್ಕಿಗೂ ತಿರುಗಿಸಿ ನೋಡುತ್ತಾರೆ. ಎಂಜಿನ್ ಓಡುವಾಗಲೂ ಪರೀಕ್ಷಿಸುತ್ತಾರೆ. ಇಷ್ಟಾದರೂ ಸಂಕೇತ ಕಡಿದುಹೋದರೆ? ಟರ್ಬೈನ್ ತಾನಾಗಿಯೇ ನಿಲ್ಲುವಂತೆ ಮೊದಲೇ ಹೊಂದಿಸಿರುತ್ತಾರೆ. ವಿಮಾನ ಹೋದರೂ ಜನರಿಗೆ ಅಪಾಯ ಕಡಿಮೆಯಾಗಲಿ ಎಂಬುದು ಉದ್ದೇಶ.

ಟರ್ಬೈನ್ ಜೆಟ್ ಪಳಗಿದ ದೊಡ್ಡವರ ಕೆಲಸ. ಅದನ್ನು ದೂರದಿಂದಲೇ ನೋಡಿ. ಮನೆಯಲ್ಲಿ ಮಾಡಿ ನೋಡಲು ಒಂದು ಪ್ರಯೋಗವಿದೆ. ಟ್ರಾನ್ಸಿಸ್ಟರ್‌ನಲ್ಲಿ ಮೀಡಿಯಂ ವೇವ್ ಹಚ್ಚಿ, ಅಜ್ಜನ ಜೊತೆ ಅದನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಎಲ್ಲೆಲ್ಲಿ ದನಿ ಕುಗ್ಗಿತು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅಂಥ ಜಾಗ ಎದುರುಬದುರಾಗಿ ಎರಡು ಸಿಕ್ಕರೆ, ಪ್ರಸಾರ ಕೇಂದ್ರದ ದಿಕ್ಕನ್ನು ನೀವೇ ಊಹಿಸಬಹುದು!