ಕಾರ್ಡ್ ಕೈಯಲ್ಲಿದ್ದರೆ ಸಾಲದು!

ಅಮೆರಿಕದಲ್ಲಿ ದುಡಿದು ನಿವೃತ್ತರಾಗಿ ಗೋಕಾಕಕ್ಕೋ ಮೂಡಲಗಿಗೋ ಹುಕ್ಕೇರಿಗೋ ಮರಳಿರುತ್ತೀರಿ. ಅತ್ತೆಯವರ ಆರೈಕೆಯಲ್ಲಿ ಎರಡು ದೀಪಾವಳಿ ಕಳೆದದ್ದೇ ಗೊತ್ತಾಗೋದಿಲ್ಲ. ಆಮೇಲೆ ‘ಕೈಕಾಲು ಗಟ್ಟಿ ಅದಾವ, ಇನ್ನೆರಡು ವರ್ಷ ದುಡಿದು ಬರ್ತೀನಿ’ ಅನ್ನಿಸುತ್ತದೆ. ಗ್ರೀನ್ ಕಾರ್ಡ್ ತೆಗೆದು ನೋಡಿದರೆ ಅವಧಿ ಇನ್ನೂ ಇದೆ. ಕರದಂಟು ಕಟ್ಟಿಸಿ ಟಿಕೆಟ್ ತೆಗೆಸುವ ಮೊದಲು ಸ್ವಲ್ಪ ತಡೀರಿ!

ಕಾರ್ಡಿನ ಮೇಲಿನ ತಾರೀಖಷ್ಟೇ ಅಲ್ಲ, ನೀವು ಹೊರಗಿದ್ದ ದಿನಗಳ ಲೆಕ್ಕವೂ ಮುಖ್ಯ. ವರ್ಷ ದಾಟಿದರೆ ಬರೀ ಕಾರ್ಡ್ ತೋರಿಸಿ ಒಳಗೆ ಹೋಗಲು ಆಗದು. ಎರಡು ವರ್ಷದವರೆಗೆ ನಡೆಯುವ ‘ರೀ-ಎಂಟ್ರಿ ಪರ್ಮಿಟ್’ ಉಂಟು. ಆದರೆ ಅದಕ್ಕೆ ಅಮೆರಿಕದಲ್ಲಿದ್ದಾಗಲೇ ಅರ್ಜಿ ಹಾಕಬೇಕು. ಅದಿಲ್ಲದವರು ದೂತಾವಾಸದಲ್ಲಿ ‘ಎಸ್‌ಬಿ-1’ ವೀಸಾ ಕೇಳಬಹುದು. ಮರಳುವ ಇರಾದೆಯಿಂದಲೇ ಬಂದಿದ್ದೆ, ಕೈಮೀರಿದ ಕಾರಣಕ್ಕೆ ತಡವಾಯಿತು ಎಂದು ಅಲ್ಲಿ ತೋರಿಸಬೇಕು. ಹಾಗಾಗಿ ಅತ್ತೆಯವರ ಆಸ್ಪತ್ರೆ ಕಾಗದಗಳನ್ನು ರದ್ದಿಗೆ ಹಾಕಬೇಡಿ. ಊರಲ್ಲೇ ನೆಲೆಸಲು ಬಂದವರಿಗೆ ಮಾತ್ರ ಈ ದಾರಿ ಕಷ್ಟವೇ. ಮಗನೋ ಮಗಳೋ ಅಮೆರಿಕದ ಪ್ರಜೆಯಾಗಿ 21 ತುಂಬಿದ್ದರೆ ತಾಯಿಗಾಗಿ ಹೊಸದಾಗಿ ಅರ್ಜಿ ಹಾಕಬಹುದು.

ಪಿಂಚಣಿ ಬರುತ್ತಿದೆಯೇ? 1960ರಲ್ಲಿ ಅಥವಾ ಆಮೇಲೆ ಹುಟ್ಟಿದವರು 67 ತುಂಬುವ ಮೊದಲೇ ‘ಸೋಶಿಯಲ್ ಸೆಕ್ಯುರಿಟಿ’ ಪಡೆಯುತ್ತಾ ದುಡಿದರೆ, ಗಳಿಕೆ ಮಿತಿ ಮೀರಿದಾಗ ಪಿಂಚಣಿಯಲ್ಲಿ ಒಂದಿಷ್ಟು ತಡೆಹಿಡಿಯುತ್ತಾರೆ. ಗಾಬರಿ ಬೇಡ, 67ಕ್ಕೆ ಮತ್ತೆ ಲೆಕ್ಕಹಾಕಿ ಏರಿಸುತ್ತಾರೆ.

ಇನ್ನೊಂದು ಮಾತು. ಕೆಲವರು ‘ಟೂರಿಸ್ಟ್ ವೀಸಾದಾಗ ಹೋಗಿ, ಯಾರದರ ಮನ್ಯಾಗ ಕೂಸು ನೋಡಿಕೊಂಡ್ರಾತು’ ಅಂತಾರೆ. ಸಂಬಳ ತಗೊಂಡು ಹಾಗೆ ದುಡಿಯುವುದು ಕಾನೂನಿಗೆ ವಿರುದ್ಧ. ಕಾಗದಪತ್ರವೆಲ್ಲ ಯಜಮಾನರ ಫೈಲಿನಲ್ಲಿದ್ದರೆ, ನಿಮ್ಮದೊಂದು ಪ್ರತಿ ಇವತ್ತೇ ತೆಗೆದಿಟ್ಟುಕೊಳ್ಳಿ.